ಆರೋಪಿಯ ಗೆಳೆಯ

ಚೀಲದ ಜಿಪ್ ಎಳೆದ ಕೂಡಲೇ ಗಂಜಿಯ ವಾಸನೆ ಬಂತು. ಹೊಸ ಬಿಳಿ ಟೋಪಿಯ ವಾಸನೆ. ನಿಮ್ಮ ಕಡೆ ಹೇಗೋ ಕಾಣೆ, ನಮ್ಮ ಹುಮನಾಬಾದ್, ಬಸವಕಲ್ಯಾಣದ ಕಡೆ ಮದುವೆಗೆ ಹೋದ ಗಂಡಸು ಟೋಪಿ ಟವೆಲ್ ಇಲ್ಲದೆ ಮನೆಗೆ ಬರುವುದಿಲ್ಲ. ಊಟಕ್ಕೆ ಮುಂಚೆ ಒಬ್ಬ ಪಟ್ಟಿ ಹಿಡಿದು ಹೆಸರು ಕೂಗುತ್ತಾನೆ, ಇನ್ನೊಬ್ಬ ನಿಮ್ಮ ಹೆಗಲಿಗೆ ಟವೆಲ್ ಹಾಕಿ ತಲೆಯ ಮೇಲೆ ಟೋಪಿ ಇಡುತ್ತಾನೆ. ಅವನು ಮುಂದಿನವನ ಹತ್ತಿರ ಹೋಗುವಷ್ಟರಲ್ಲಿ ನೀವು ಟೋಪಿ ತೆಗೆದು ಚೀಲಕ್ಕೆ ಸೇರಿಸಿರುತ್ತೀರಿ. ಅದು ಯಾರ ತಲೆಗೂ ಸರಿಯಾಗಿ ಕೂರುವುದಿಲ್ಲ. ಕೂರಲೆಂದು ಹೊಲಿದದ್ದೂ ಅಲ್ಲ. ಮುಂದೊಂದು ದಿನ ನಿಮ್ಮ ಮನೆಯ ಮದುವೆಯಲ್ಲಿ ಅದೇ ಟೋಪಿ ಆಹೇರಿ, ಅಂದರೆ ಮದುವೆಯ ಉಡುಗೊರೆ, ಎಂದು ಇನ್ನೊಬ್ಬನ ತಲೆಗೆ ಹೋಗುತ್ತದೆ. ನಮ್ಮ ಅಜ್ಜನ ಕಾಲಕ್ಕೆ ನಾವು ಬೌದ್ಧರಾದೆವು. ದೇವರು ಹೋದರು, ಮಂತ್ರ ಬದಲಾಯಿತು, ಗೋಡೆಯ ಮೇಲಿನ ಪಟಗಳು ಬದಲಾದವು. ಟೋಪಿ ಮಾತ್ರ ತನ್ನ ಪಾಡಿಗೆ ಮನೆಯಿಂದ ಮನೆಗೆ ಸುತ್ತುತ್ತಲೇ ಇದೆ.

ನಿನ್ನೆ ಬಸವಕಲ್ಯಾಣದ ಮದುವೆಯಿಂದ ನಾನು ಮೂರು ಟೋಪಿ ತಂದಿದ್ದೇನೆ. ಅವುಗಳಲ್ಲಿ ನನ್ನದು ಒಂದೇ. ಉಳಿದ ಎರಡು ನನ್ನ ಚೀಲಕ್ಕೆ ಹೇಗೆ ಬಂದವು ಎಂದು ಹೇಳಬೇಕಾದರೆ, ಇಪ್ಪತ್ತು ಚಿಲ್ಲರೆ ವರ್ಷ ಹಿಂದಿನ ಒಂದು ಕೋಣೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಆ ಕೋಣೆಯನ್ನು ನಾನು ನೋಡಿಲ್ಲ. ನೋಡದ ಕೋಣೆಯ ಬಗ್ಗೆ ಬರೆಯುವವನನ್ನು ನೀವು ನಂಬಬೇಕಾಗಿಲ್ಲ. ಆದರೆ ಅದರೊಳಗೆ ನಿಂತಿದ್ದ ಇಬ್ಬರನ್ನು ನಾನು ಬಲ್ಲೆ. ಅವರಿಬ್ಬರ ನೆನಪಿನ ಕೋಣೆಗಳು ಬೇರೆ ಬೇರೆ ಎನ್ನುವುದೇ ಈ ಬರಹದ ತೊಡಕು.

ಒಬ್ಬರು ನಮ್ಮ ತುಳಸಿರಾಮ ಕಾಕಾ. ಅಪ್ಪನ ತಮ್ಮ, ಬೇಮಳಖೇಡದವರು, ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅರವತ್ತು ದಾಟಿದರೂ ಚಪ್ಪಲಿ ಹಾಕುವುದಿಲ್ಲ. ಎಮ್ಮೆ ಕಟ್ಟಲು ಹೋಗುವಾಗಲೂ ಪಾಲಿಶ್ ಮಾಡಿದ ಬೂಟು. ಇನ್ನೊಬ್ಬ ಹುಮನಾಬಾದಿನ ದಶರಥ. ನಮಗೆ ದೂರದ ನೆಂಟ, ಕಾಕಾ ಇದ್ದ ಪಲ್ಟನ್ನಿನಲ್ಲೇ ಸಿಪಾಯಿ ಆಗಿದ್ದವನು. ಪಲ್ಟನ್ನಿನ ರೂಢಿಯಂತೆ ಕಾಕಾನನ್ನು ಅವನು ಇವತ್ತಿಗೂ 'ಉಸ್ತಾದ್' ಎಂದೇ ಕರೆಯುತ್ತಾನೆ. ಕಾಕಾ ಪಿಂಚಣಿ ತೆಗೆದುಕೊಂಡು ಊರಿಗೆ ಬಂದರು. ದಶರಥ ಅವರಿಗಿಂತ ಎಷ್ಟೋ ಮೊದಲೇ ಬಂದ. ಕೋರ್ಟ್ ಮಾರ್ಷಲ್ ಆಗಿ, ನೌಕರಿಯಿಂದ ವಜಾ ಆಗಿ, ಒಂದು ಕಬ್ಬಿಣದ ಟ್ರಂಕಿನ ಸಮೇತ. ಅಂದಿನಿಂದ ಹುಮನಾಬಾದಿನ ಒಂದು ದಾಲ್ ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್.

ಆದದ್ದು ಇಷ್ಟು. ಈ ಭಾಗದ ಬಗ್ಗೆ ಇಬ್ಬರಲ್ಲೂ ಜಗಳವಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ದಶರಥ ವಾಹನಗಳ ಡಿಪೋದ ಗೇಟಿನಲ್ಲಿ ಪಹರೆಗಿದ್ದ. ಅವನ ಬದಲಿಗೆ ಬರಬೇಕಾದ ಜವಾನ, ಗುಡ್ಡಗಾಡಿನ ಕಡೆಯ ಒಬ್ಬ ತೆಳ್ಳಗಿನ ಹುಡುಗ, ಬರುತ್ತಾ ಬರುತ್ತಾ ನೀರಿನ ನಲ್ಲಿಯ ಹತ್ತಿರ ಬಿಸಿಲಿಗೆ ಕುಸಿದು ಬಿದ್ದ. ಗೇಟಿನಿಂದ ಅದು ಕಾಣುತ್ತಿತ್ತು. ದಶರಥ ಬಂದೂಕನ್ನು ಪಹರೆಯ ಗೂಡಿಗೆ ಒರಗಿಸಿ ಓಡಿದ. ಹುಡುಗನನ್ನು ಎತ್ತಿ ನೆರಳಿಗೆ ಹಾಕಿ, ಮುಖಕ್ಕೆ ನೀರು ಹೊಡೆದು, ತಿರುಗಿ ಬರುವಷ್ಟರಲ್ಲಿ ತಪಾಸಣೆಗೆ ಬಂದ ಅಧಿಕಾರಿ ಗೇಟಿನಲ್ಲಿ ನಿಂತಿದ್ದರು. ಗೇಟಿನಲ್ಲಿ ಬಂದೂಕಿತ್ತು, ಸಿಪಾಯಿ ಇರಲಿಲ್ಲ. ಪಹರೆ ಬಿಟ್ಟದ್ದು ಒಂದು ತಪ್ಪು, ಬಂದೂಕು ಬಿಟ್ಟದ್ದು ಅದಕ್ಕಿಂತ ದೊಡ್ಡದು.

ಕೋರ್ಟ್ ಮಾರ್ಷಲ್ ಎಂದರೆ ನನ್ನ ತಲೆಯಲ್ಲಿ ಎತ್ತರದ ಛಾವಣಿಯ ಸಭಾಂಗಣ, ಎರಡೂ ಕಡೆ ವಕೀಲರು, ಪದಕ ತೂಗಿಸಿಕೊಂಡ ಐದಾರು ಮಂದಿ ನ್ಯಾಯಾಧೀಶರು. ಅಂಥದ್ದೂ ಇದೆಯಂತೆ, ದೊಡ್ಡ ತಪ್ಪುಗಳಿಗೆ, ದೊಡ್ಡವರಿಗೆ. ಸಿಪಾಯಿಗಳಿಗೆ ಹೆಚ್ಚಾಗಿ ಆಗುವುದು ಚಿಕ್ಕದು, ಬೇಗ ಮುಗಿಯುವಂಥದ್ದು. ಅದರಲ್ಲಿ ಪಲ್ಟನ್ನಿನ ಮುಖ್ಯ ಸಾಹೇಬರೇ ಇಡೀ ನ್ಯಾಯಾಲಯ. ಅವರೇ ತಮಗೆ ತಾವೇ ಪ್ರಮಾಣವಚನ ಬೋಧಿಸಿಕೊಳ್ಳುತ್ತಾರೆ. ಇನ್ನಿಬ್ಬರು ಪಕ್ಕದಲ್ಲಿ ಕೂತಿರುತ್ತಾರೆ, ಅವರಿಗೆ ಮತವಿಲ್ಲ. ವಕೀಲರು ಸಾಮಾನ್ಯವಾಗಿ ಇರುವುದಿಲ್ಲ. ಆರೋಪಿಯ ಟೋಪಿ, ಬೆಲ್ಟು ಬಿಚ್ಚಿಸಿ, ಎಡ ಬಲ ಎಡ ಬಲ ಎನ್ನುತ್ತಾ ಬರಿ ತಲೆಯಲ್ಲಿ ಒಳಗೆ ತರುತ್ತಾರೆ. ಅವನ ಪಕ್ಕದಲ್ಲಿ ನಿಲ್ಲಲು ಒಬ್ಬನಿಗೆ ಅವಕಾಶವಿದೆ. ಕಾಯಿದೆಯ ರೂಢಿಯಲ್ಲಿ ಅವನ ಹೆಸರು 'ಆರೋಪಿಯ ಗೆಳೆಯ'.

ಈ ಹೆಸರು ಮೊದಲ ಸಲ ಕೇಳಿದಾಗ ನನಗೆ ಬಹಳ ಇಷ್ಟವಾಗಿತ್ತು. ನಾನು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದು, ಸಂಜೆ ಕಥೆ ಬರೆಯುವ ಚಟ ಇಟ್ಟುಕೊಂಡವನು. ನನ್ನ ಕಥೆಗಳಿಗೆ ಆದಿ ಅಂತ್ಯ ಇರುವುದಿಲ್ಲ ಎಂದು ಹೆಂಡತಿಯ ದೂರು. ಮಧ್ಯವಾದರೂ ಇದೆಯಲ್ಲ ಎಂದು ನನ್ನ ಸಮಾಧಾನ. ಆರೋಪಿಗೆ ಸರಕಾರವೇ ಒಬ್ಬ ಗೆಳೆಯನನ್ನು ಕೊಡುತ್ತದೆ ಎನ್ನುವುದು ನನಗೆ ಕಥೆಯ ಹಾಗೆ ಕಂಡಿತ್ತು. ಆಮೇಲೆ ನಿಯಮ ತಿಳಿಯಿತು. ಗೆಳೆಯ ಆರೋಪಿಯ ಕಿವಿಯಲ್ಲಿ ಹೇಳಬಹುದು, ನ್ಯಾಯಾಲಯಕ್ಕೆ ಹೇಳುವಂತಿಲ್ಲ. ಯಾವ ಪ್ರಶ್ನೆ ಕೇಳಬೇಕೆಂದು ಸೂಚಿಸಬಹುದು, ತಾನೇ ಕೇಳುವಂತಿಲ್ಲ. ದಶರಥನ ಪಕ್ಕದಲ್ಲಿ ಹಾಗೆ ನಿಂತವರು ತುಳಸಿರಾಮ ಕಾಕಾ.

ಆ ದಿನ ದಶರಥ ತಪ್ಪು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಸಾಕ್ಷಿಗಳ ಅಗತ್ಯವಿಲ್ಲ. ಬಿಸಿಲಿಗೆ ಬಿದ್ದಿದ್ದ ಹುಡುಗ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಸಾಕ್ಷಿ ಹೇಳಲೆಂದು ವರಾಂಡದಲ್ಲಿ ನಿಂತಿದ್ದ. ಅವನನ್ನು ಯಾರೂ ಒಳಗೆ ಕರೆಯಲಿಲ್ಲ. ಕಾಕಾ ಒಳಗೆ ಹೋಗುವ ಮುಂಚೆ ಕಿಟಕಿಯ ಕಟ್ಟೆಯ ಮೇಲೆ ಅರ್ಧ ಕುಡಿದ ಚಹಾದ ಗ್ಲಾಸು ಇಟ್ಟಿದ್ದರು. ಹೊರಗೆ ಬಂದಾಗ ಅದಿನ್ನೂ ಬೆಚ್ಚಗಿತ್ತು. "ಅಷ್ಟ ಟೈಮು ನೋಡು," ಎನ್ನುತ್ತಾರೆ ಕಾಕಾ. ದಶರಥನನ್ನು ಕೇಳಿದರೆ, "ಅರ್ಧ ದಿನ ಆಗಿತ್ರಿ ಮಾಸ್ತರ," ಎನ್ನುತ್ತಾನೆ. ಅವನಿಗೆ ಚಹಾದ ಗ್ಲಾಸು ನೆನಪಿಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತಂತೆ, ಅದು ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗುವವರೆಗೂ ಅವನು ನಿಂತೇ ಇದ್ದನಂತೆ. ಕಾಕಾ ಹಲ್ಲಿಯನ್ನು ಕಂಡಿಲ್ಲ.

ಊರಿಗೆ ಬಂದ ದಶರಥ ಜಗಳ ಮಾಡಲಿಲ್ಲ, ಕುಡಿಯಲಿಲ್ಲ, ಯಾರನ್ನೂ ಬೈಯಲಿಲ್ಲ. ಒಂದೇ ಒಂದು ವಿಚಿತ್ರ ಕಲಿತ. ಮದುವೆಗಳಲ್ಲಿ ಟವೆಲ್ ತೆಗೆದುಕೊಳ್ಳುತ್ತಿದ್ದ, ಟೋಪಿ ವಾಪಸು ಕೊಡುತ್ತಿದ್ದ. ತಲೆಯ ಹತ್ತಿರ ಬಂದ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸುತ್ತಿದ್ದ. ಸೊಕ್ಕು ಎಂದರು ಕೆಲವರು. ಬೋಳು ತಲೆ ತೋರಿಸುವ ಆಸೆ ಎಂದು ಅವನ ಭಾವನೇ ಚೇಷ್ಟೆ ಮಾಡಿದ. ದಾಲ್ ಮಿಲ್ಲಿನ ಸೇಠ್ ಕೊಟ್ಟ ವಾಚ್‌ಮನ್ ಟೋಪಿಯನ್ನೂ ಅವನು ಮೊಳೆಗೆ ತೂಗುಹಾಕಿದ್ದ. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಕಾಕಾನಿಗೆ ಕಾರಣ ಗೊತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ, ಮದುವೆಗಳಲ್ಲಿ ಅವನ ಸಾಲಿನಲ್ಲಿ ಕೂರುವುದನ್ನು ಮಾತ್ರ ಬಿಟ್ಟರು.

ಹೋದ ವರ್ಷ ಬಸವಕಲ್ಯಾಣದಲ್ಲಿ ಮಾಜಿ ಸೈನಿಕರಿಗೆ ಒಂದು ಸನ್ಮಾನ ಇತ್ತು. ಶಾಮಿಯಾನ, ಕುರ್ಚಿ, ಭಾಷಣ, ಇಲ್ಲಿಯೂ ಅದೇ ಟೋಪಿ ಟವೆಲ್. ಕಾಕಾನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಹೆಸರು ಕೂಗಿದರು, ಕಾಕಾ ವೇದಿಕೆ ಹತ್ತಿದರು, ತಲೆಗೆ ಟೋಪಿ ಬಂತು. ಆಗ ಅವರ ಕಣ್ಣು ರಸ್ತೆಯ ಕಡೆ ಹೋಯಿತು. ಶಾಮಿಯಾನದ ಹಗ್ಗದ ಆಚೆ, ಬಿಸಿಲಲ್ಲಿ, ದಶರಥ ಸೈಕಲ್ ಹಿಡಿದು ನಿಂತಿದ್ದ. ಅವನು ಮಾಜಿ ಸೈನಿಕನಲ್ಲ. ವಜಾ ಆದವನಿಗೆ ಆ ಹೆಸರು ಸಿಗುವುದಿಲ್ಲ. ನೋಡಿ ಹೋಗಲು ಬಂದಿದ್ದ, ಅಷ್ಟೇ. ಕಾಕಾ ಭಾಷಣದ ನಡುವೆಯೇ ಕೆಳಗಿಳಿದು, ಕುರ್ಚಿಗಳ ಸಾಲು ದಾಟಿ, ಹಗ್ಗ ಎತ್ತಿ ಆಚೆ ಹೋದರು. ನಾನು ಹಿಂದೆ ಓಡಿದೆ.

"ಒಳಗ ಬಾ," ಎಂದರು ಕಾಕಾ.

"ನಂದೇನ ಕೆಲಸರಿ ಉಸ್ತಾದ್ ಒಳಗ? ನೀವು ಹೋಗ್ರಿ, ಸಾಹೇಬರು ಮಾತಾಡಾಕತ್ತಾರ."

"ಮಾತಾಡ್ಲಿ. ನೀ ಇಲ್ಲಿ ಎಷ್ಟು ವರ್ಷ ನಿಲ್ಲಾಂವ?"

"ನಿಲ್ಲೂದು ನಂಗ ರೂಢಿ ಆಗ್ಯಾದ ಬಿಡ್ರಿ," ಎಂದು ದಶರಥ ನಕ್ಕ.

ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿ, "ಮಾಸ್ತರ, ಅರ್ಜಿ ಹಾಕ್ಬೇಕು. ಇವತ್ತ," ಎಂದರು. ಅವತ್ತು ರವಿವಾರ. ಎಲ್ಲ ಕಚೇರಿಗಳೂ ಮುಚ್ಚಿದ್ದವು. ಅದನ್ನು ಹೇಳಿದ್ದಕ್ಕೆ, "ಹಂಗಾರ ನಾಳಿ ಎಂಟಕ್ಕ ತಯಾರಿರು," ಎಂದರು. ಮರುದಿನ ಏಳೂ ಮುಕ್ಕಾಲಿಗೆ ಅವರ ಬೂಟಿನ ಸದ್ದು ನನ್ನ ಬಾಗಿಲಲ್ಲಿತ್ತು.

ಬಸವಕಲ್ಯಾಣದಲ್ಲಿ ಒಬ್ಬ ವಕೀಲ ಮೇಡಂ ಇದ್ದಾರೆ. ಮಾತು ಕಡಿಮೆ, ಓದುವುದು ಜಾಸ್ತಿ. ದಶರಥನ ಟ್ರಂಕಿನಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿ, ಒಂದು ಹಾಳೆಯ ಮೇಲೆ ಬೆರಳಿಟ್ಟರು. ಆರೋಪಿ ತಪ್ಪು ಒಪ್ಪಿಕೊಂಡರೆ ಏನಾಗುತ್ತದೆ ಎನ್ನುವುದನ್ನು ಅವನಿಗೆ ವಿವರಿಸಲಾಗಿದೆ ಎಂಬ ವಾಕ್ಯ ಅಲ್ಲಿ ಮೊದಲೇ ಅಚ್ಚಾಗಿತ್ತು. ಅದರ ಕೆಳಗೆ ದಶರಥನ ಸಹಿ ಇರಲಿಲ್ಲ.

"ಇದನ್ನ ನಿಮಗೆ ಯಾರಾದ್ರೂ ವಿವರಿಸಿ ಹೇಳಿದ್ರಾ?"

"ಇಲ್ರಿ ಮೇಡಂ."

"ಇಷ್ಟು ವರ್ಷ ಎಲ್ಲಿದ್ರಿ?"

"ಗೇಟಿನ್ಯಾಗರಿ," ಎಂದ ದಶರಥ.

ಮೇಡಂ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು. ಸೈನ್ಯದ ಪ್ರಕರಣಗಳಿಗೆ ಬೆಂಗಳೂರಿನಲ್ಲಿ ಒಂದು ನ್ಯಾಯಮಂಡಳಿ ಇದೆ, ಅಲ್ಲಿಗೆ ಹೋಗಬಹುದು, ತಡ ಆದದ್ದಕ್ಕೆ ಕಾರಣ ಕೊಡಬೇಕು ಎಂದರು. ಆಮೇಲೆ ಕಾಕಾನ ಕಡೆ ತಿರುಗಿದರು. ಕೋಣೆಯೊಳಗೆ ಇದ್ದವರಲ್ಲಿ ದಶರಥನ ಪರವಾಗಿ ಹೇಳಬಲ್ಲವರು ಇವರೊಬ್ಬರೇ. ಏನಾಯಿತು ಎಂದು ಇವರ ಒಂದು ಪ್ರಮಾಣಪತ್ರ ಬೇಕು. "ಮಾಸ್ತರು ಬರೆದುಕೊಡ್ಲಿ, ನಾನು ತಿದ್ದತೀನಿ," ಎಂದರು. ದಶರಥನಿಗೆ ಬೇಕಾದದ್ದು ಹಳೆಯ ಪಗಾರವಲ್ಲ. ತಾನು ಸಿಪಾಯಿ ಆಗಿದ್ದೆ ಎಂದು ಯಾರ ಮುಂದಾದರೂ ಹೇಳುವಂತಾಗಬೇಕು. ವಜಾ ಎಂಬ ಶಬ್ದ ಹೋಗಬೇಕು. ಅದೆಲ್ಲ ಈಗ ಕಾಕಾನ ಎರಡು ಹಾಳೆಯ ಮೇಲೆ ನಿಂತಿತ್ತು, ಆ ಎರಡು ಹಾಳೆ ನನ್ನ ಪೆನ್ನಿನ ಮೇಲೆ.

ಎಂಥ ಸಂಭ್ರಮದಿಂದ ಬರೆದೆ ಅಂತೀರಿ. ಜೀವನದಲ್ಲಿ ಮೊದಲ ಸಲ ನನ್ನ ಬರಹದಿಂದ ಏನಾದರೂ ಆಗುವುದಿತ್ತು. ನೆನಪು ತುಂಡು ತುಂಡಾಗಿ ಬರುತ್ತದೆ, ಅದನ್ನು ಸಾಲಾಗಿ ನಿಲ್ಲಿಸುವುದೇ ಸುಳ್ಳು ಎಂದು ಎರಡು ವಿಚಾರ ಸಂಕಿರಣಗಳಲ್ಲಿ ಭಾಷಣ ಮಾಡಿದವನು ನಾನು. ಅದೇ ನಾನು ಕಾಕಾನ ಆ ಬೆಳಿಗ್ಗೆಯನ್ನು ಹೊಸ ಕಾಪಿ ಪುಸ್ತಕದ ಹಾಗೆ ಗೆರೆಯ ಮೇಲೆ ಕೂರಿಸಿದೆ. ಸಾಹೇಬರು ಆರೋಪ ಓದಿದರು. ಯಾರೂ ಏನೂ ವಿವರಿಸಲಿಲ್ಲ. ಹೆದರಿದ ದಶರಥ ಗಾಬರಿಯಲ್ಲಿ ಒಪ್ಪಿಕೊಂಡ. ನಿಯಮದಂತೆ ಮಾತಾಡುವ ಅಧಿಕಾರವಿಲ್ಲದ ಗೆಳೆಯ ಅಸಹಾಯಕನಾಗಿ ನಿಂತಿದ್ದ. 'ಅಸಹಾಯಕನಾಗಿ' ಎಂಬ ಶಬ್ದದ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು.

ಬೇಮಳಖೇಡಕ್ಕೆ ಹೋಗಿ ಕಾಕಾನ ಮುಂದೆ ಓದಿದೆ. ಅವರು ಅಂಗಳದಲ್ಲಿ ಬೂಟಿಗೆ ಬ್ರಶ್ ಹಾಕುತ್ತಿದ್ದರು. ಪೂರ್ತಿ ಕೇಳಿದರು.

"ಛಲೋ ಬರ್ದೀದಿ," ಎಂದರು. "ಇದು ಯಾರದು?"

"ನಿಮ್ಮದ ಕಾಕಾ."

"ನಾ ಇದ್ರಾಗ ಎಲ್ಲಿ ಇದ್ದೀನಿ? ಇಲ್ಲೊಬ್ಬ ಪಾಪದಾಂವ ನಿಂತಾನ. ಅವ ನಾ ಅಲ್ಲ."

ಬ್ರಶ್ ಕೆಳಗಿಟ್ಟು ಅವರು ಹೇಳಿದ್ದನ್ನು ನಾನು ಅವತ್ತೇ ಬರೆದುಕೊಂಡಿದ್ದೇನೆ, ಆದ್ದರಿಂದ ಸ್ವಲ್ಪ ಧೈರ್ಯದಿಂದ ಹೇಳುತ್ತೇನೆ. ವಿಚಾರಣೆಗೆ ಹಿಂದಿನ ದಿನ ದಶರಥ ಅವರ ಹತ್ತಿರ ಬಂದು, ಏನು ಹೇಳಲಿ ಎಂದು ಕೇಳಿದ್ದ. ನಡೆದದ್ದನ್ನೆಲ್ಲ ಹೇಳಿಬಿಡುತ್ತೇನೆ, ಆ ಹುಡುಗ ಸಾಕ್ಷಿಗೆ ತಯಾರಿದ್ದಾನೆ ಎಂದಿದ್ದ. ಬೇಡ ಎಂದವರು ಕಾಕಾ. "ಮೊದ್ಲ ತಪ್ಪಾತು ಅನ್ನು. ಸಾಹೇಬ್ರು ತಣ್ಣಗ ಆಗ್ತಾರ. ಆಮ್ಯಾಲ ಏನಾತಪಾ ಅಂತ ಕೇಳ್ತಾರ. ಆವಾಗ ಎಲ್ಲಾ ಹೇಳು."

ಇಲ್ಲಿ ನೀವು ನಮ್ಮ ಊರಿನ ಒಂದು ರೀತಿಯನ್ನು ತಿಳಿಯಬೇಕು. ಊರ ಪಂಚರ ಮುಂದೆ ನಮ್ಮ ಕೇರಿಯವನೊಬ್ಬನನ್ನು ನಿಲ್ಲಿಸಿದರೆ, ಅವನು ಮೊದಲು ಹೆಗಲ ಮೇಲಿನ ಟವೆಲ್ ತೆಗೆದು ನೆಲದ ಮೇಲಿಡಬೇಕು, ತಪ್ಪಾಯಿತು ಎನ್ನಬೇಕು. ತಪ್ಪು ಮಾಡಿರಲಿ ಬಿಡಲಿ. ಅದಾದ ಮೇಲೆಯೇ ಹಿರಿಯರು ಕವಳ ಉಗುಳಿ, "ಈಗ ಹೇಳು, ಏನಾತು?" ಎನ್ನುವುದು. ಟವೆಲ್ ಇಡದವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮೊಳಗಿನ ಜಗಳಗಳಲ್ಲೂ ನಾವು ಅದನ್ನೇ ಇಟ್ಟುಕೊಂಡೆವು. ಮಕ್ಕಳಿಗೂ ಅದನ್ನೇ ಕಲಿಸಿದೆವು. ಒಪ್ಪಿಗೆ ನಮಗೆ ಮಾತಿನ ಬಾಗಿಲು. ಆ ಕೋಣೆಯಲ್ಲಿ ಅದೇ ಮಾತಿನ ಕೊನೆ ಎಂದು ಕಾಕಾನಿಗೆ ಗೊತ್ತಿರಲಿಲ್ಲ.

"ನಾ ಪಲ್ಟನ್‌ಗಿ ಯಾಕ ಹೋಗಿದ್ದೆ ಗೊತ್ತೇನು?" ಎಂದರು. "ನಮ್ಮಪ್ಪ ಟವೆಲ್ ಇಡೂದು ನೋಡೀನಿ. ನಾ ಇಡಬಾರ್ದು ಅಂತ ಹೋದೆ. ಹೋಗಿ ಇನ್ನೊಬ್ಬನ ಕೈಲೆ ಇಡ್ಸಿದೆ."

ಮುಂದಿನದೂ ಅವರೇ ಹೇಳಿದರು. ಸಾಹೇಬರು ಇಂಗ್ಲಿಷಿನಲ್ಲಿ ಓದಿದರು, ಸುಬೇದಾರ್ ಹಿಂದಿಯಲ್ಲಿ 'ಗುನಾಹ್ ಕಬೂಲ್ ಹೈ?', ತಪ್ಪು ಒಪ್ಪುತ್ತೀಯಾ, ಎಂದು ಕೇಳಿದರು. ದಶರಥ ಬಾಯಿ ತೆರೆಯುವ ಮುಂಚೆ ಕಾಕಾನ ಕಡೆ ತಿರುಗಿ ನೋಡಿದ. ಕಾಕಾ ತಲೆಯಾಡಿಸಿದರು, ಹೂಂ ಎನ್ನುವಂತೆ. ದಶರಥ ಕಬೂಲ್ ಎಂದ. ಆಮೇಲೆ 'ಏನಾತು' ಎಂದು ಯಾರೂ ಕೇಳಲಿಲ್ಲ. ಕಾಕಾ ಕಾಯುತ್ತಾ ನಿಂತರು, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು. ಶಿಕ್ಷೆ ಓದುತ್ತಿರುವಾಗಲೂ ಕಾಯುತ್ತಿದ್ದರು.

"ನಾ ತಲಿ ಆಡ್ಸಿದ್ದು ಬರಿ," ಎಂದರು.

ನಾನು ವಾದ ಮಾಡಿದೆ. ಅದು ಬೇಡ ಕಾಕಾ, ಎದುರು ಪಕ್ಷದ ವಕೀಲರು ಅದನ್ನೇ ಹಿಡಿಯುತ್ತಾರೆ, ಗೆಳೆಯನೇ ಹೇಳಿಕೊಟ್ಟಿದ್ದಾನೆ, ತಿಳಿದೇ ಒಪ್ಪಿಕೊಂಡಿದ್ದಾನೆ ಎನ್ನುತ್ತಾರೆ ಎಂದೆ. ಮನಸ್ಸಿನೊಳಗೆ ಇನ್ನೂ ಒಂದಿತ್ತು: ಅಸಹಾಯಕ ಗೆಳೆಯನ ಆ ಪ್ಯಾರಾ ಬಹಳ ಚೆನ್ನಾಗಿ ಬಂದಿತ್ತು. ಕಾಕಾ ಬೂಟಿನ ಲೇಸು ಕಟ್ಟಿಕೊಂಡು ಎದ್ದರು. "ನಡಿ, ಅವನ್ನ ಕೇಳೂಣು."

ದಾಲ್ ಮಿಲ್ಲಿನ ಗೇಟಿಗೆ ನಾವು ಮುಟ್ಟಿದಾಗ ಮಧ್ಯಾಹ್ನ. ತೊಗರಿ ಹೊಟ್ಟಿನ ಧೂಳು ರಸ್ತೆಯ ತನಕ ಹಾರುತ್ತಿತ್ತು. ಗೇಟಿನ ಕೆಳಗೆ ಒಂದು ಕಬ್ಬಿಣದ ಪಟ್ಟಿ ಇದೆ, ಬದಲಿ ಬಾರದೆ ದಶರಥ ಅದನ್ನು ದಾಟುವುದಿಲ್ಲ. ಎದುರಿನ ಹೋಟೆಲಿನಲ್ಲಿ ಕೂತು ಮಾತಾಡೋಣ ಎಂದೆ. "ಇಲ್ರಿ ಮಾಸ್ತರ, ಇಲ್ಲೇ ಹೇಳ್ರಿ," ಎಂದ. ಹೀಗಾಗಿ ಅವನು ಒಳಗೆ, ನಾವು ಹೊರಗೆ, ನಡುವೆ ಪಟ್ಟಿ. ಲಾರಿ ಬಂದಾಗಲೆಲ್ಲ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಿದ್ದೆವು.

ಕಾಕಾ ನೇರ ಕೇಳಿದರು. "ಅವತ್ತ ನೀ ನನ್ನ ಕಡಿ ನೋಡ್ದಿ. ನಾ ತಲಿ ಆಡ್ಸಿದೆ. ನೆನಪದನ?"

"ಇಲ್ರಿ ಉಸ್ತಾದ್. ನಾ ನೋಡೀನಿ, ಖರೆ. ನೀವು ಕಿಟಕಿ ಕಡಿ ನೋಡಾಕತ್ತಿದ್ರಿ. ನಂಗ ಅಂಜಕಿ ಆತು, ಕಬೂಲ್ ಅಂದೆ. ತಪ್ಪು ನಂದ."

"ಹುಚ್ಚನ ಹಂಗ ಮಾತಾಡಬ್ಯಾಡ. ನಾ ಆಡ್ಸೀನಿ."

"ಆಡ್ಸಿಲ್ರಿ. ಆಡ್ಸಿದ್ರ ನಂಗ ಎಷ್ಟು ಧೈರ್ಯ ಬರ್ತಿತ್ತು. ಇಷ್ಟು ವರ್ಷ ಅದನ್ನ ನೆನಸ್ತೀನಿ, ಉಸ್ತಾದ್ ಒಮ್ಮಿ ನನ್ನ ಕಡಿ ನೋಡಿದ್ರ ನಾ ಎಲ್ಲಾ ಹೇಳತಿದ್ದೆ ಅಂತ."

ಒಂದು ಲಾರಿ ಬಂತು. ದಶರಥ ಗೇಟು ತೆರೆದು, ಚೀಟಿ ನೋಡಿ, ಒಳಗೆ ಬಿಟ್ಟು, ಗೇಟು ಹಾಕಿದ. ಅಷ್ಟರಲ್ಲಿ ಕಾಕಾನ ಮುಖ ನಾನು ನೋಡಿದೆ. ತಾನೇ ಅವನನ್ನು ಕೆಡಿಸಿದೆ ಎಂದು ಒಬ್ಬರು ಇಪ್ಪತ್ತು ವರ್ಷ ಹೊತ್ತಿದ್ದರು. ತನ್ನ ಪಕ್ಕದವರು ತನ್ನನ್ನು ನೋಡಲೇ ಇಲ್ಲ ಎಂದು ಇನ್ನೊಬ್ಬ ಇಪ್ಪತ್ತು ವರ್ಷ ಹೊತ್ತಿದ್ದ. ಇವೆರಡರಲ್ಲಿ ಯಾವುದು ಹೆಚ್ಚು ಭಾರ ಎಂದು ನನಗೆ ಈಗಲೂ ಹೇಳಲು ಬರುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕಾಕಾ ಚಹಾ ಇಟ್ಟಿದ್ದರು ಎಂಬುದು ನನಗೆ ನೆನಪಾಯಿತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಕಾನಿಗೂ ನೆನಪಾಗಿತ್ತು ಎಂದು ಕಾಣುತ್ತದೆ.

ಆಮೇಲೆ ನನ್ನ ಕಡೆ ತಿರುಗಿ, "ಎರಡೂ ಬರಿ," ಎಂದರು.

ಮೇಡಂ ಒಪ್ಪಲಿಲ್ಲ. ಒಂದು ಪ್ರಮಾಣಪತ್ರದಲ್ಲಿ ಎರಡು ಮಾತು ಇದ್ದರೆ ಅದರ ಬಲ ಹೋಗುತ್ತದೆ ಎಂದರು. "ತಲೆಯಾಡಿಸಿದ ವಿಷಯ ಬೇಡ. ಯಾರೂ ವಿವರಿಸಿ ಹೇಳಲಿಲ್ಲ, ಅಷ್ಟಿದ್ದರೆ ಸಾಕು. ಅದು ನಿಜವೇ ಅಲ್ವಾ?"

"ನಿಜ ಅದರಿ. ಪೂರಾ ಇಲ್ಲ," ಎಂದರು ಕಾಕಾ.

"ನಿಮಗೆ ಗೊತ್ತಿಲ್ಲ. ನಾಳೆ ಅಲ್ಲಿ ನಿಂತಾಗ ಕೇಳ್ತಾರೆ. ನೀವೇ ಹೇಳಿಕೊಟ್ರಿ, ಈಗ ನೀವೇ ದೂರು ತಂದ್ರಿ, ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಅಂತಾರೆ. ಎಲ್ಲರ ಮುಂದೆ ಅವಮಾನ ಆಗುತ್ತೆ."

"ಕೇಳ್ಲಿರಿ," ಎಂದರು ಕಾಕಾ. "ಯಾರರ ಕೇಳ್ಲಿ ಅಂತ ತಾನೆ ನಾ ಆ ಖೋಲ್ಯಾಗ ನಿಂತಿದ್ದೆ. ಅವತ್ತ ಯಾರೂ ಕೇಳ್ಲಿಲ್ಲ. ಈಗ ಕೇಳ್ತಾರಂದ್ರ ನಾ ಯಾಕ ಬ್ಯಾಡ ಅನ್ಲಿ?"

ಮೇಡಂ ಪೆನ್ನು ಮುಚ್ಚಿ, ಸಹಿಯಿಲ್ಲದ ಆ ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಹೇಳಿಕೊಟ್ಟವನಿಗೇ ಆ ಒಪ್ಪಿಗೆಯ ಪರಿಣಾಮ ಗೊತ್ತಿರಲಿಲ್ಲ ಎಂದರೆ, ಅದನ್ನು ಯಾರೂ ವಿವರಿಸಿರಲಿಲ್ಲ ಎಂದೇ ಅರ್ಥ ಎಂದು ನಿಧಾನಕ್ಕೆ, ತಮಗೇ ಎನ್ನುವಂತೆ ಹೇಳಿಕೊಂಡರು. ಬರೆಯಿರಿ ಮಾಸ್ತರ ಎಂದರು. ಶಬ್ದ ಏನೂ ಸೇರಿಸಬೇಡಿ ಎಂದೂ ಎಂದರು. ನನ್ನ 'ಅಸಹಾಯಕನಾಗಿ' ಅವರಿಗೂ ಕಂಡಿತ್ತು.

ಹೀಗೆ ನಾನು ಬರೆದ ಅತ್ಯಂತ ಒರಟಾದ ಗದ್ಯ ತಯಾರಾಯಿತು. 'ನಾನು ತಲೆಯಾಡಿಸಿದೆ ಎಂದು ನನ್ನ ನೆನಪು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ ಎಂದು ಅವನ ನೆನಪು. ಯಾವುದು ಸರಿ ಎಂದು ನಾನು ಹೇಳಲಾರೆ. ಒಪ್ಪಿಕೊಂಡರೆ ಏನಾಗುತ್ತದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.' ಹುಮನಾಬಾದಿನ ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುವ ನೋಟರಿಯ ಮುಂದೆ ಕಾಕಾ ಅದನ್ನು ನಿಂತು ಗಟ್ಟಿಯಾಗಿ ಓದಿದರು. ಓದುವ ಮುಂಚೆ ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟರು, ಸೊಂಟದ ಬೆಲ್ಟಿಗೆ ಕೈ ಹಾಕಿದರು. ಆ ಕೋಣೆಯಲ್ಲಿ ದಶರಥ ನಿಂತ ಹಾಗೆಯೇ ನಿಲ್ಲಲು ಅವರು ಟೋಪಿ, ಬೆಲ್ಟು ಬಿಚ್ಚುತ್ತಿದ್ದಾರೆ ಎಂದುಕೊಂಡೆ. ಆ ರಾತ್ರಿ ಡೈರಿಯಲ್ಲಿ ಹಾಗೆಯೇ ಬರೆದೆ. ಇತ್ತೀಚೆಗೆ ಈ ಬರಹಕ್ಕೆ ಕೂರುವ ಮುಂಚೆ ಖಾತ್ರಿಗೆಂದು ಕಾಕಾನನ್ನು ಕೇಳಿದೆ. "ಸೆಕಿ ಆಗಿತ್ತು, ಟೋಪಿ ತಗದೆ," ಎಂದರು. ಬೆಲ್ಟು? "ಪ್ಯಾಂಟ್ ಜಾರಾಕತ್ತಿತ್ತಪಾ. ಇನ್ನೊಂದು ತೂತಿಗಿ ಹಾಕ್ದೆ."

ಈಗ ಅರ್ಜಿ ದಾಖಲಾಗಿದೆ. ತಡವಾದದ್ದನ್ನು ನ್ಯಾಯಮಂಡಳಿ ಮನ್ನಿಸಿದೆ. ಮುಂದಿನ ತಿಂಗಳು ತಾರೀಖು. ಗೆದ್ದೇ ಗೆಲ್ಲುತ್ತೇವೆ ಎಂದು ಮೇಡಂ ಹೇಳಿಲ್ಲ, ನಾವೂ ಕೇಳಿಲ್ಲ. ಬಂದೂಕು ಬಿಟ್ಟದ್ದು ತಪ್ಪೇ ಎಂದು ದಶರಥ ಇವತ್ತಿಗೂ ಹೇಳುತ್ತಾನೆ. "ಶಿಕ್ಷಾ ಬ್ಯಾಡ ಅಂತ ನಾ ಎಲ್ಲಿ ಅಂದೀನಿ? ಕೇಳಿ ಕೊಡ್ಲಿ," ಎನ್ನುತ್ತಾನೆ. ಆ ದಿನಕ್ಕೆ ಗೇಟಿನಲ್ಲಿ ನಿಲ್ಲಲು ಮಿಲ್ಲಿನ ತೂಕದವನನ್ನು ಈಗಲೇ ಒಪ್ಪಿಸಿದ್ದಾನೆ, ಅವನು ಬಂದು ನಿಂತ ಮೇಲೆಯೇ ತಾನು ರೈಲ್ವೆ ಸ್ಟೇಶನ್ನಿಗೆ ಹೊರಡುವುದು ಎಂದು ಷರತ್ತು ಹಾಕಿದ್ದಾನೆ. ತೂಕದವನು ತಡ ಮಾಡಿದರೆ ರೈಲು ತಪ್ಪುತ್ತದೆ.

ನಿನ್ನೆಯ ಮದುವೆ ಕಾಕಾನ ಮೊಮ್ಮಗಳದು. ಬುದ್ಧವಂದನೆ ಮುಗಿದು ಟೋಪಿ ಟವೆಲ್ ಶುರುವಾದಾಗ ಕಾಕಾ ಮನೆಯ ಹಿರಿಯರ ಸಾಲು ಬಿಟ್ಟು ಬಂದು ದಶರಥನ ಪಕ್ಕದಲ್ಲಿ ಕೂತರು. ಎಷ್ಟೋ ವರ್ಷಗಳ ನಂತರ ಆ ಸಾಲಿನಲ್ಲಿ. ಟೋಪಿಯ ಹುಡುಗ ದಶರಥನ ಮುಂದೆ ಬಂದ. ದಶರಥ ಎಂದಿನಂತೆ ಟವೆಲ್ ತೆಗೆದುಕೊಂಡು ಟೋಪಿಯ ಕೈ ಹಿಡಿದ.

"ಇನ್ನ ಯಾಕ ಬ್ಯಾಡಂತೀ? ಅರ್ಜಿ ಹಾಕೀರಿ ಅಲ್ಲ," ಎಂದ ಅವನ ಭಾವ.

"ಹಾಕೀವಿ. ಅವರು ಇನ್ನಾ ಕೇಳಿಲ್ಲ," ಎಂದ ದಶರಥ.

ಹುಡುಗ ಕಾಕಾನ ಕಡೆ ಸರಿದ. ಕಾಕಾ ಹೆಗಲು ಕೊಟ್ಟರು, ತಲೆ ಕೊಡಲಿಲ್ಲ. ಅವನ ಕೈಯಿಂದ ಎರಡು ಟೋಪಿ ತೆಗೆದುಕೊಂಡು, ಸಾಲಿನ ಮೊದಲಿಗೇ ಕೂತಿದ್ದ ನನ್ನ ಮಡಿಲಿಗೆ ಹಾಕಿದರು. "ಮಾಸ್ತರ, ಚೀಲದಾಗ ಇಡು. ತಾರೀಖಿಗಿ ತಗೊಂಡು ಬಾ. ಯಾರಿಗರ ಆಹೇರಿ ಕೊಟ್ಟೀ ಮತ್ತ." ನನ್ನ ತಲೆಯ ಮೇಲೆ ಆಗಲೇ ಒಂದು ಕೂತಿತ್ತು. ಅದನ್ನು ತೆಗೆದು ಅವೆರಡರ ಜೊತೆ ಇಟ್ಟೆ.

ಊಟ ಆದ ಮೇಲೆ, ಕೈ ತೊಳೆಯುವ ನಲ್ಲಿಯ ಹತ್ತಿರ ಕಾಕಾ ನನ್ನನ್ನು ನಿಲ್ಲಿಸಿದರು. "ಅಲ್ಲಿ ಹೋದ ಮ್ಯಾಲ ಏನ್ ಹೇಳ್ಲಿ ಅಂತೀ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಎರಡು ವಾಕ್ಯ, ಸರಿಯಾದ ಕಡೆ ವಿರಾಮ, ಕೊನೆಯಲ್ಲಿ ಗಟ್ಟಿ ಕ್ರಿಯಾಪದ.

"ಗೊತ್ತಿಲ್ಲ ಕಾಕಾ," ಎಂದೆ. "ನಿಮಗ ಏನ್ ನೆನಪದ ಅದು."

ಅವರು ಟವೆಲಿನಿಂದ ಕೈ ಒರೆಸಿಕೊಂಡು, ಅದನ್ನು ಮಡಚಿ ಮತ್ತೆ ಹೆಗಲ ಮೇಲೆ ಹಾಕಿಕೊಂಡರು. "ಆತು. ನೀ ನನ್ನ ಬಾಜೂಕ ನಿಲ್ಲು ಸಾಕು," ಎಂದರು. "ಕಿಟಕಿ ಕಡಿ ನೋಡಬ್ಯಾಡ."

ಟೋಪಿಗಳನ್ನು ಮೇಜಿನ ಮೇಲೆ, ಫೈಲಿನ ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದೇನೆ. ಗಂಜಿಯ ವಾಸನೆ ಇನ್ನೂ ಹೋಗಿಲ್ಲ. ಅವು ಮಡಚಿದ ಹಾಗೇ ಇರಲಿ ಎಂದು ಹೆಂಡತಿಗೆ ಹೇಳಿದ್ದೇನೆ. ರೈಲಿನ ಟಿಕೇಟು ಮೂರೂ ಆಗಿವೆ.